‘ಇತರೆ’ ಅನ್ನೋ ಊರು ಮ್ಯಾಪ್‌ನಲ್ಲಿ ಇಲ್ಲ

ಮಿನಿ ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ಲ್ಯಾಬ್‌ನಲ್ಲಿ ಒಂದು ಮಾತು ದಿನಕ್ಕೆ ಹತ್ತು ಸಲ ಕೇಳುತ್ತೆ: ‘ಆ ವಿಲೇಜ್ ಕಾಲಮ್ ಡ್ರಾಪ್ ಮಾಡು ಮಗಾ, ಸಿಕ್ಕಾಪಟ್ಟೆ ವ್ಯಾಲ್ಯೂಸ್ ಇದಾವೆ.’ ಸ್ವಲ್ಪ ಓದಿಕೊಂಡವರಾದ್ರೆ ಡ್ರಾಪ್ ಮಾಡಲ್ಲ, ಹೆಚ್ಚು ಸಲ ಬರೋ ಹತ್ತು ಊರು ಇಟ್ಕೊಂಡು ಉಳಿದಿದ್ದನ್ನೆಲ್ಲ ‘ಇತರೆ’ ಅಂತ ಒಂದೇ ಡಬ್ಬಿಗೆ ತುಂಬ್ತಾರೆ. ಮಾಡೆಲ್ ಓಡುತ್ತೆ, ಗ್ರಾಫ್ ಬರುತ್ತೆ, ರಿವ್ಯೂನಲ್ಲಿ ಯಾರೂ ಕೇಳಲ್ಲ. ನನ್ನ ತಕರಾರು ಇರೋದು ಇಲ್ಲೇ. ನನ್ನೂರು ಕೊಡ್ಲಿ. ಕಲಬುರಗಿ ಜಿಲ್ಲೆ, ಮೊದಲು ಚಿಂಚೋಳಿ ತಾಲ್ಲೂಕು, ಈಗ ಕಾಳಗಿ ತಾಲ್ಲೂಕು. ಯಾವ ಡೇಟಾಸೆಟ್‌ನಲ್ಲೂ ಟಾಪ್ ಟೆನ್‌ಗೆ ಬರೋ ಊರಲ್ಲ. ಅಂದ್ರೆ ನಮ್ಮ ಬ್ಯಾಚ್‌ನ ಅರ್ಧ ಮಾಡೆಲ್‌ಗಳಿಗೆ ನನ್ನೂರಿನ ಹೆಸರು ‘ಇತರೆ’.

ಇದು ಬರೀ ಊರಿನ ಅಭಿಮಾನದ ಮಾತಲ್ಲ. (ಸ್ವಲ್ಪ ಇದೆ, ಇರಲಿ.) ಬಹಳ ಬೆಲೆಗಳಿರೋ ಕಾಲಮ್ ಒಂದನ್ನ ನಾವು ಹೇಗೆ ಸಂಭಾಳಿಸ್ತೀವಿ ಅನ್ನೋದು ಪ್ರೀಪ್ರೊಸೆಸಿಂಗ್‌ನ ಚಿಲ್ಲರೆ ಕೆಲಸ ಅಂತ ನಮಗೆ ಅಭ್ಯಾಸ ಆಗಿಬಿಟ್ಟಿದೆ. ನನ್ನ ಪ್ರಕಾರ ಬಹಳಷ್ಟು ಪ್ರಾಜೆಕ್ಟ್‌ಗಳಲ್ಲಿ ಮುಖ್ಯ ತೀರ್ಮಾನ ಆಗೋದೇ ಅಲ್ಲಿ. ಅಲ್ಗಾರಿದಮ್ ಯಾವುದು ಅನ್ನೋದು ಆಮೇಲಿನ ಮಾತು.

ಮೊದಲು ಸಮಸ್ಯೆ ಎಷ್ಟು ದೊಡ್ಡದು ನೋಡೋಣ. ಮುಂಗಾರು, ಹಿಂಗಾರು, ಬೇಸಿಗೆ ಅಂತ ಮೂರೇ ಬೆಲೆ ಇರೋ ಕಾಲಮ್ ಆದ್ರೆ ತಲೆನೋವಿಲ್ಲ. ಒನ್-ಹಾಟ್ ಎನ್‌ಕೋಡಿಂಗ್ ಮಾಡಿ, ಮೂರು ಕಾಲಮ್, ಒಂದರಲ್ಲಿ 1, ಉಳಿದದ್ದರಲ್ಲಿ 0, ಮುಗೀತು. ಕಲಬುರಗಿ ಜಿಲ್ಲೆಯ 11 ತಾಲ್ಲೂಕುಗಳಿಗೂ ಇದು ಸಾಕು. ತೊಂದರೆ ಶುರುವಾಗೋದು ಊರಿನ ಮಟ್ಟಕ್ಕೆ ಇಳಿದಾಗ. 2011ರ ಜನಗಣತಿಯಲ್ಲಿ ಕರ್ನಾಟಕದ ಹಳ್ಳಿಗಳ ಲೆಕ್ಕ, ಜನವಸತಿ ಇಲ್ಲದವೂ ಸೇರಿ, 29,340. ಒಂದು ಲಕ್ಷ ಸಾಲಿನ ಡೇಟಾಗೆ ಇದನ್ನ ಒನ್-ಹಾಟ್ ಮಾಡಿದ್ರೆ 293 ಕೋಟಿ ಖಾನೆ. ಖಾನೆಗೆ 8 ಬೈಟ್ ಅಂತ ಹಿಡಿದ್ರೂ 23 ಜಿಬಿ ದಾಟುತ್ತೆ. ಹಾಸ್ಟೆಲ್‌ನ 8 ಜಿಬಿ ಲ್ಯಾಪ್‌ಟಾಪ್ ಹೆಲಿಕಾಪ್ಟರ್ ಥರ ಸದ್ದು ಮಾಡಿ ನಿಂತೇಬಿಡುತ್ತೆ.

‘ಸ್ಪಾರ್ಸ್ ಮ್ಯಾಟ್ರಿಕ್ಸ್ ಬಳಸು’ ಅಂತೀರಾ? ಬಳಸಿ. ಮೆಮೊರಿ ಸಮಸ್ಯೆ ಹೋಗುತ್ತೆ, ಅಸಲಿ ಸಮಸ್ಯೆ ಹಾಗೇ ಉಳಿಯುತ್ತೆ. ಒಂದು ಲಕ್ಷ ಸಾಲನ್ನ 29,340 ಊರಿಗೆ ಹಂಚಿದ್ರೆ ಒಂದೊಂದಕ್ಕೆ ಸರಾಸರಿ ಮೂರೂವರೆ ಸಾಲೂ ಬರಲ್ಲ. ಮೂರು ಸಾಲು ನೋಡಿ ಮಾಡೆಲ್ ಒಂದು ಊರಿನ ಬಗ್ಗೆ ಏನು ಕಲಿಯೋಕೆ ಸಾಧ್ಯ? ಡಿಸಿಷನ್ ಟ್ರೀಗೆ ಈ ಕಾಲಮ್‌ಗಳನ್ನ ಕೊಟ್ಟರೆ, ಒಂದೊಂದು ಸಲ ಒಂದೊಂದೇ ಊರನ್ನ ಬೇರೆ ಮಾಡಬೇಕಾಗುತ್ತೆ. ಅದರಿಂದ ಸಿಗೋ ಲಾಭ ಅಷ್ಟು ಸಣ್ಣದು ಅಂದ್ರೆ ಟ್ರೀ ಊರಿನ ಕಡೆ ತಿರುಗಿಯೂ ನೋಡಲ್ಲ, ಮಳೆ ಕಾಲಮ್ ಹಿಡ್ಕೊಂಡು ಮುಂದೆ ಹೋಗುತ್ತೆ. ಒನ್-ಹಾಟ್ ಬಿಟ್ಟು ಕ್ಯಾಟಗರಿಗಳನ್ನ ಹಾಗೇ ಕೊಟ್ಟು ಎರಡು ಗುಂಪು ಮಾಡು ಅಂದ್ರೆ, ಬರೀ 11 ತಾಲ್ಲೂಕನ್ನ ಎರಡು ಗುಂಪು ಮಾಡೋಕೇ 1,023 ದಾರಿ ಇದೆ. ಆರ್ ಭಾಷೆಯ ರ್‍ಯಾಂಡಮ್‌ಫಾರೆಸ್ಟ್ ಪ್ಯಾಕೇಜ್ 53ಕ್ಕಿಂತ ಹೆಚ್ಚು ಕ್ಯಾಟಗರಿ ಕಂಡ್ರೆ ಎರರ್ ಕೊಟ್ಟು ಕೈ ಚೆಲ್ಲುತ್ತೆ. ನಮ್ಮ ಒಂದು ಜಿಲ್ಲೆಯಲ್ಲೇ ಗ್ರಾಮ ಪಂಚಾಯ್ತಿಗಳು 200ಕ್ಕೂ ಹೆಚ್ಚು.

ಆಗ ಯಾರೋ ಒಬ್ಬರು ಜಾಣರು ಬಂದು, ಊರಿಗೆ ಬದಲು ಪಿನ್‌ಕೋಡ್ ಹಾಕೋಣ, ಅದು ಹೇಗಿದ್ರೂ ನಂಬರ್ ಅಲ್ವಾ, ಅಂತಾರೆ. ಪಿನ್‌ಕೋಡ್ 1972ರ ಆಗಸ್ಟ್ 15ರಂದು ಶುರುವಾಗಿದ್ದು ಕಾಗದ ವಿಂಗಡಿಸೋಕೆ, ಕೂಡಿ ಕಳೆಯೋಕೆ ಅಲ್ಲ. ಬೀದರ್ 585401, ಯಾದಗಿರಿ 585201. ಎರಡರ ಸರಾಸರಿ 585301. ಆ ಪಿನ್ ಅಫಜಲಪುರದ್ದು! ಮ್ಯಾಪ್ ತೆಗೆದು ನೋಡಿ, ಅಫಜಲಪುರ ಎಲ್ಲಿ, ಬೀದರ್–ಯಾದಗಿರಿ ನಡುವಿನ ಗೆರೆ ಎಲ್ಲಿ. ಲೀನಿಯರ್ ಮಾಡೆಲ್‌ಗೆ ಪಿನ್‌ಕೋಡ್ ಸಂಖ್ಯೆಯಾಗಿ ಕೊಡೋದು ಅಂದ್ರೆ ಇಂಥ ಗಣಿತವನ್ನ ನಂಬು ಅಂತ ಹೇಳಿದ ಹಾಗೆ. ಪಿನ್‌ನ ಮೊದಲ ಮೂರು ಅಂಕಿಗೆ ಅರ್ಥ ಇದೆ ನಿಜ, ಆದ್ರೆ 585 ಅನ್ನೋ ಒಂದೇ ತಲೆಬರಹದ ಕೆಳಗೆ ಕಲಬುರಗಿ, ಯಾದಗಿರಿ, ಬೀದರ್ ಮೂರೂ ಜಿಲ್ಲೆ ಬರುತ್ತೆ.

ಹೋಗಲಿ, ಇಷ್ಟೆಲ್ಲ ಗುದ್ದಾಡೋದು ಯಾಕೆ, ಊರಿನ ಕಾಲಮ್ ಬಿಟ್ಟರೆ ಏನಾಗುತ್ತೆ? ಇದಕ್ಕೆ ಉತ್ತರ ನಮ್ಮ ಕಡೆಯ ತೊಗರಿ ಹೊಲದಲ್ಲಿದೆ.

ಕಲಬುರಗಿಯನ್ನ ತೊಗರಿ ಕಣಜ ಅಂತಾರೆ, ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ತು. ಹೆಚ್ಚಿನ ಹೊಲಗಳು ಮಳೆ ನಂಬಿದವು. ಹಾಗಾಗಿ ಬೆಳೆ ವಿಮೆ ಅನ್ನೋದು ನಮ್ಮ ಮನೆಗಳಲ್ಲಿ ದಿನದ ಮಾತು. 2016ರಲ್ಲಿ ಬಂದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಆಹಾರ ಬೆಳೆಗೆ ರೈತರು ಕಟ್ಟೋದು ವಿಮಾ ಮೊತ್ತದ ಶೇ 2. ಪರಿಹಾರ ಲೆಕ್ಕ ಹಾಕೋ ರೀತಿ ಮಾತ್ರ ನಮ್ಮ ಮಷಿನ್ ಲರ್ನಿಂಗ್ ಕ್ಲಾಸಿಗೆ ನೇರವಾಗಿ ಸೇರಬೇಕಾದ್ದು. ಒಬ್ಬೊಬ್ಬರ ಹೊಲ ನೋಡಲ್ಲ. ಒಂದು ಪ್ರದೇಶವನ್ನ ಒಂದು ಘಟಕ ಅಂತ ಹಿಡೀತಾರೆ. ಕರ್ನಾಟಕದಲ್ಲಿ ಮುಖ್ಯ ಬೆಳೆಗಳಿಗೆ ಆ ಘಟಕ ಗ್ರಾಮ ಪಂಚಾಯ್ತಿ, ಉಳಿದ ಬೆಳೆಗಳಿಗೆ ಹೋಬಳಿ. ಪಂಚಾಯ್ತಿ ಮಟ್ಟದಲ್ಲಿ ಮುಖ್ಯ ಬೆಳೆಗೆ ಕನಿಷ್ಠ 4 ಬೆಳೆ ಕಟಾವು ಪ್ರಯೋಗ ಮಾಡಬೇಕು. ಅಂದ್ರೆ ನಾಲ್ಕು ಹೊಲ ಆರಿಸಿ, ಅಳತೆ ಮಾಡಿದ ಸಣ್ಣ ತುಂಡಿನಲ್ಲಿ ಕೊಯ್ದು, ತೂಗಿ, ಎಕರೆಗೆ ಎಷ್ಟು ಅಂತ ಲೆಕ್ಕ ಹಾಕೋದು. ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿ ಬಂದ 5 ವರ್ಷಗಳ ಸರಾಸರಿ ತೆಗೆದು, ಅದನ್ನ ಶೇ 70, 80 ಅಥವಾ 90ರಿಂದ ಗುಣಿಸಿದ್ರೆ ಸಿಗೋದು ಹೊಸ್ತಿಲು ಇಳುವರಿ. ಈ ವರ್ಷದ ಇಳುವರಿ ಅದಕ್ಕಿಂತ ಎಷ್ಟು ಕಡಿಮೆಯೋ ಅಷ್ಟು ಪಾಲು ಪರಿಹಾರ.

ಈಗ ನಮ್ಮ ಭಾಷೆಗೆ ತಿರುಗಿಸಿ ನೋಡಿ. ಗ್ರಾಮ ಪಂಚಾಯ್ತಿ ಅನ್ನೋದು ಸಾವಿರಾರು ಬೆಲೆ ಇರೋ ಕ್ಯಾಟಗರಿ. ಒಂದೊಂದು ಬೆಲೆಗೆ ಕೈಯಲ್ಲಿರೋದು ನಾಲ್ಕು ಸಾಲು. ಅದರ ಸರಾಸರಿ ಮೇಲೆ ಇಡೀ ಊರಿನ ದುಡ್ಡು ನಿಂತಿದೆ.

ನಮ್ಮ ಕಾಕಾ ಇದನ್ನೇ ಸ್ಟ್ಯಾಟಿಸ್ಟಿಕ್ಸ್ ಇಲ್ಲದೇ ಹೇಳ್ತಾರೆ: ‘ನಾಕು ಹೊಲದಾಗ ಕೊಯ್ದು ನೋಡ್ತಾರ, ಇಡೀ ಪಂಚಾಯ್ತಿಗೆ ಅದೇ ಲೆಕ್ಕ. ನಮ್ಮ ಹೊಲ ನೆಟೆ ಹತ್ತಿ ಒಣಗ್ಯದ, ಬಾಜೂ ಊರಾಗ ಹಸರ್ ಅದ. ನಿಮ್ಮ ಕಂಪ್ಯೂಟರ್‌ದಾಗ ಇದೆಲ್ಲ ಕಾಣ್ತದೇನು?’

‘ಕಾಣೋಹಂಗ ಮಾಡಬೇಕ್ರಿ ಕಾಕಾ’ ಅಂದಿದ್ದೆ. ಹೇಗೆ ಅನ್ನೋದು ಈ ಲೇಖನ.

2022ರ ಹಂಗಾಮಿನಲ್ಲಿ ನೆಟೆ ರೋಗ ನಮ್ಮ ಜಿಲ್ಲೆಯ ತೊಗರಿಯನ್ನ ಹೇಗೆ ಒಣಗಿಸ್ತು ಅಂತ ಆ ಕಡೆಯವರಿಗೆಲ್ಲ ನೆನಪಿದೆ. ನೆಟೆ ಮಣ್ಣಿನಲ್ಲಿ ಇರೋ ಶಿಲೀಂಧ್ರದಿಂದ ಬರೋದು. ಒಂದು ಹೊಲದಲ್ಲಿ ಪೂರ್ತಿ ಹೋಗಿರುತ್ತೆ, ಬದುವಿನ ಆಚೆ ಚೆನ್ನಾಗಿರುತ್ತೆ. ಇಂಥ ಕಡೆ ‘ಊರು’ ಅನ್ನೋ ಮಾಹಿತಿ ಕಿತ್ತು ಹಾಕಿ ಬರೀ ತಾಲ್ಲೂಕಿನ ಮಳೆ ಅಂಕಿಯಿಂದ ಇಳುವರಿ ಊಹಿಸಿದ್ರೆ, ಒಣಗಿದ ಊರಿಗೂ ಹಸಿರು ಊರಿಗೂ ಒಂದೇ ಉತ್ತರ ಬರುತ್ತೆ. ‘ಇತರೆ’ ಡಬ್ಬಿ ಮಾಡೋದೂ ಇದನ್ನೇ. ಕೊಡ್ಲಿಯನ್ನೂ, ಭೀಮಾ ತೀರದ ಯಾವುದೋ ನೀರಾವರಿ ಹಳ್ಳಿಯನ್ನೂ, ಮಲೆನಾಡಿನ ಒಂದು ಊರನ್ನೂ ಕೂಡಿಸಿ ‘ಇವೆಲ್ಲ ಒಂದೇ’ ಅನ್ನುತ್ತೆ. ಇವುಗಳ ನಡುವಿನ ಒಂದೇ ಹೋಲಿಕೆ ಅಂದ್ರೆ ನಮ್ಮ ಸಿಎಸ್‌ವಿ ಫೈಲ್‌ನಲ್ಲಿ ಇವು ಕಡಿಮೆ ಸಲ ಬಂದಿವೆ ಅನ್ನೋದು. ಅದು ಆ ಊರುಗಳ ಗುಣ ಅಲ್ಲ, ಫೈಲ್‌ನ ಗುಣ.

ಹಾಗಂತ ನಾಲ್ಕು ಸಾಲಿನ ಸರಾಸರಿಯನ್ನ ಪೂರ್ತಿ ನಂಬೋಕೂ ಆಗಲ್ಲ. ನಾಲ್ಕರಲ್ಲಿ ಒಂದು ಹೊಲ ಕೆಟ್ಟದ್ದು ಬಂದ್ರೆ ಸರಾಸರಿ ಕುಸಿಯುತ್ತೆ. ಇಲ್ಲಿ ನಡುವಿನ ದಾರಿ ಒಂದಿದೆ, ಹಳೆಯದೇ. ಊರಿನ ಸರಾಸರಿ ಮತ್ತು ಅದರ ಸುತ್ತಲಿನ ದೊಡ್ಡ ಪ್ರದೇಶದ ಸರಾಸರಿ ಎರಡನ್ನೂ ಬೆರೆಸೋದು. ಊರಿನ ಡೇಟಾ ಎಷ್ಟು ಹೆಚ್ಚೋ ಅಷ್ಟು ಊರಿನ ಮಾತಿಗೆ ತೂಕ. ಲೆಕ್ಕ ತೋರಿಸೋಕೆ ನಾನೇ ಇಟ್ಟ ಅಂಕಿಗಳು ಇವು: ಕೊಡ್ಲಿಯ 4 ಕಟಾವಿನ ಸರಾಸರಿ ಎಕರೆಗೆ 3 ಕ್ವಿಂಟಲ್, ಸುತ್ತಲಿನ ಸರಾಸರಿ 5 ಕ್ವಿಂಟಲ್. ಸುತ್ತಲಿನ ಮಾತಿಗೆ 6 ಸಾಲಿನಷ್ಟು ತೂಕ ಕೊಡೋಣ. ಆಗ 4ನ್ನ 3ರಿಂದ, 6ನ್ನ 5ರಿಂದ ಗುಣಿಸಿ, ಕೂಡಿಸಿ, 10ರಿಂದ ಭಾಗಿಸಿದ್ರೆ 4.2. ಅದೇ ಕೊಡ್ಲಿಯಲ್ಲಿ 60 ಕಟಾವು ಆಗಿದ್ರೆ ಉತ್ತರ 3.2ರ ಹತ್ತಿರ ಬರುತ್ತೆ, ಸುತ್ತಲಿನವರ ಮಾತು ಹೆಚ್ಚುಕಡಿಮೆ ನಡೆಯಲ್ಲ. ಒಂದೂ ಸಾಲಿಲ್ಲದ ಹೊಸ ಊರು ಬಂದ್ರೆ ಉತ್ತರ ನೇರ 5. ಎರರ್ ಬರಲ್ಲ, ‘ಇತರೆ’ಯೂ ಬೇಕಿಲ್ಲ. ನಮ್ಮ ಊರ ಕಟ್ಟೆ ಮೇಲೂ ಹೊಸಬರು ಬಂದ್ರೆ ಮೊದಲು ‘ಯಾವ ಕಡೆಯವರು?’ ಅಂತಾನೇ ಕೇಳೋದು, ಪರಿಚಯ ಬೆಳೆದ ಮೇಲೆ ಆ ಪ್ರಶ್ನೆ ಬೇಕಾಗಲ್ಲ.

ಇದನ್ನ ಬಹಳ ಬೆಲೆಗಳಿರೋ ಕಾಲಮ್‌ಗಳಿಗೆ ಅಂತಲೇ 2001ರಲ್ಲಿ ಡೇನಿಯಲ್ ಮಿಚಿ-ಬರೇಕಾ ಬರೆದಿಟ್ಟರು. ನಾವು ಈಗ ಟಾರ್ಗೆಟ್ ಎನ್‌ಕೋಡಿಂಗ್ ಅಂತ ಕರೆಯೋದು ಇದನ್ನೇ. ಆದ್ರೆ ಇದರ ಬೇರು ಇನ್ನೂ ಹಿಂದಿದೆ. 1979ರಲ್ಲಿ ಅಮೆರಿಕದ ಜನಗಣತಿ ಇಲಾಖೆಯ ಫೇ ಮತ್ತು ಹೆರಿಯಟ್ ಅನ್ನೋ ಇಬ್ಬರು, ಕಡಿಮೆ ಜನ ಇರೋ ಸಣ್ಣ ಊರುಗಳ ಆದಾಯ ಅಂದಾಜು ಮಾಡೋಕೆ ಇದೇ ಥರದ ಬೆರಕೆ ಬಳಸಿದ್ರು. ಸಮೀಕ್ಷೆಯಲ್ಲಿ ಆ ಊರುಗಳಿಂದ ಸಿಕ್ಕ ಮಾದರಿ ತೀರಾ ಸಣ್ಣದು, ಆದ್ರೆ ಅನುದಾನ ಹಂಚೋಕೆ ಪ್ರತಿ ಊರಿಗೂ ಒಂದು ಅಂಕಿ ಬೇಕಿತ್ತು. ಅವರು ‘ಇತರೆ’ ಅಂತ ಬರೆದು ಕೈ ತೊಳ್ಕೊಳ್ಳೋ ಹಾಗಿರಲಿಲ್ಲ. ದುಡ್ಡು ಊರಿಗೆ ಹೋಗಬೇಕಾದಾಗ ಊರಿನ ಹೆಸರು ಇಟ್ಕೊಳ್ಳಲೇಬೇಕು.

ಇಲ್ಲಿವರೆಗೆ ಓದಿ, ಸರಿ, ಸ್ಮೂದಿಂಗ್ ಹಾಕಿದ್ರೆ ಆಯ್ತು ಅಂದ್ಕೋಬೇಡಿ. ನನಗೆ ಈ ವಿಷಯದಲ್ಲಿ ನಿಜವಾಗಿ ತಲೆ ಕೆಡಿಸಿದ ಭಾಗ ಈಗ ಬರುತ್ತೆ. ಮೇಲಿನ ಲೆಕ್ಕದಲ್ಲಿ ಕೊಡ್ಲಿಯ 3 ಕ್ವಿಂಟಲ್ ಅನ್ನೋದು 4.2 ಆಯ್ತು. ಆ ವರ್ಷ ಕೊಡ್ಲಿಯಲ್ಲಿ ನಿಜವಾಗಿಯೂ 3 ಕ್ವಿಂಟಲ್ಲೇ ಬೆಳೆದಿದ್ರೆ? ಆಲಿಕಲ್ಲು ನಮ್ಮೂರಿನ ಮೇಲೆ ಮಾತ್ರ ಬಿದ್ದಿದ್ರೆ? ಮಾಡೆಲ್ ಆ ನಷ್ಟವನ್ನ ಅರ್ಧಕ್ಕಿಂತ ಹೆಚ್ಚು ಒರೆಸಿ ಹಾಕಿತು. 1961ರಲ್ಲಿ ಜೇಮ್ಸ್ ಮತ್ತು ಸ್ಟೈನ್ ತೋರಿಸಿದ್ದು ಏನಂದ್ರೆ, ಬಹಳ ಸರಾಸರಿಗಳನ್ನ ಒಟ್ಟಿಗೆ ಅಂದಾಜು ಮಾಡುವಾಗ ಹೀಗೆ ಎಳೆದ್ರೆ ಎಲ್ಲವೂ ಸೇರಿದ ಒಟ್ಟು ತಪ್ಪು ಕಡಿಮೆ ಆಗುತ್ತೆ. ಒಟ್ಟು ತಪ್ಪು! ಒಂದೊಂದು ಊರಿನ ತಪ್ಪೂ ಕಡಿಮೆ ಆಗುತ್ತೆ ಅಂತ ಅವರು ಹೇಳಿಲ್ಲ. ಎಲ್ಲರಿಗಿಂತ ಬೇರೆಯಾಗಿರೋ ಊರಿಗೆ ತಪ್ಪು ಹೆಚ್ಚಾಗಲೂಬಹುದು. ವಿಮೆ ಇರೋದೇ ಎಲ್ಲರಿಗಿಂತ ಬೇರೆಯಾಗಿ ಕೆಟ್ಟು ಹೋದ ಊರಿಗಾಗಿ ಅಂತ ಯೋಚಿಸಿದ್ರೆ, ಆರ್‌ಎಂಎಸ್‌ಇ ಕಡಿಮೆ ಆಯ್ತು ಅಂತ ಖುಷಿ ಪಡೋದು ಹೇಗೆ?

ನನ್ನ ನಿಲುವು ಇಷ್ಟು. ಬಿತ್ತೋ ಮುಂಚೆ, ಮುಂದಿನ ವರ್ಷಕ್ಕೆ, ಗೋದಾಮು ಎಷ್ಟು ಬೇಕು ಅಂತ ಊಹಿಸೋಕೆ ಸ್ಮೂದಿಂಗ್ ಕಣ್ಣು ಮುಚ್ಚಿ ಬಳಸಿ. ಆಗಿಹೋದ ನಷ್ಟಕ್ಕೆ ದುಡ್ಡು ಕೊಡೋವಾಗ ಅದನ್ನೇ ಬಳಸಿದ್ರೆ ತಪ್ಪು. ಅಲ್ಲಿ ಬೇಕಾಗಿರೋದು ಒಳ್ಳೆ ಎನ್‌ಕೋಡಿಂಗ್ ಅಲ್ಲ, ಇನ್ನಷ್ಟು ಕಟಾವು, ಅಂದ್ರೆ ಹೊಲಕ್ಕೆ ಹೋಗಿ ಅಳೆಯೋದು. ಇದು ದೂರದ ಮಾತೂ ಅಲ್ಲ. 2023ರಿಂದ ಭತ್ತ ಮತ್ತು ಗೋಧಿಗೆ ಇದೇ ವಿಮೆ ಯೋಜನೆಯಲ್ಲಿ ಉಪಗ್ರಹ ಮತ್ತು ಮಾಡೆಲ್ ಆಧಾರದ ಇಳುವರಿಗೆ ಕನಿಷ್ಠ ಶೇ 30 ತೂಕ ಕೊಡೋ ಪದ್ಧತಿ ಬಂದಿದೆ, ‘ಯೆಸ್-ಟೆಕ್’ ಅಂತಾರೆ. ತೊಗರಿಗೂ ಇಂಥದ್ದು ಬಂದ ದಿನ, ಮಾಡೆಲ್ ಬರೆಯೋ ಕುರ್ಚಿಯಲ್ಲಿ ನಮ್ಮಂಥವರೇ ಕೂತಿರ್ತೀವಿ.

ಎಳೆಯೋದು ಸರಿ, ಯಾವ ಕಡೆಗೆ ಎಳೆಯಬೇಕು ಅನ್ನೋದು ಮುಂದಿನ ಪ್ರಶ್ನೆ. ಲೈಬ್ರರಿಗಳು ಸಾಮಾನ್ಯವಾಗಿ ಇಡೀ ಡೇಟಾದ ಸರಾಸರಿ ಕಡೆಗೆ ಎಳೀತವೆ. ಕೊಡ್ಲಿಯನ್ನ ಇಡೀ ಕರ್ನಾಟಕದ ಸರಾಸರಿಗೆ ಎಳೆಯೋದರಲ್ಲಿ ಯಾವ ಅರ್ಥ ಇದೆ? ಊರಿಂದ ಹೋಬಳಿಗೆ, ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿಂದ ಜಿಲ್ಲೆಗೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಅದೂ ಕಣ್ಣು ಬಿಟ್ಟು. ನಮ್ಮ ಜಿಲ್ಲೆಯ ಪೂರ್ವ ಭಾಗವನ್ನೇ ನೋಡಿ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಅಂದ್ರೆ ನೆಲದ ಕೆಳಗೆ ಸುಣ್ಣದ ಕಲ್ಲು. ಶಹಾಬಾದ್ ಕಲ್ಲು ಅಂತ ಮನೆಮನೆಗೆ ಹಾಸ್ತೀವಲ್ಲ, ಅದು. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಬಂದಿದ್ದೂ ಅದಕ್ಕೇ. ಚಿಂಚೋಳಿ ದಾಟಿ ತೆಲಂಗಾಣ ಗಡಿ ಕಡೆ ಹೋದ್ರೆ ಕೆಂಪು ಜಂಬಿಟ್ಟಿಗೆ ಮಣ್ಣು, ಕಾಡು. ಒಂದೇ ಜಿಲ್ಲೆ ಅಂತ ಎರಡನ್ನೂ ಒಂದೇ ಸರಾಸರಿಗೆ ಎಳೆದ್ರೆ ಎರಡಕ್ಕೂ ಅನ್ಯಾಯ. ಆಡಳಿತದ ಗಡಿಗಿಂತ ಮಣ್ಣಿನ ಗಡಿ ಒಳ್ಳೆ ಗುಂಪು ಕೊಡಬಹುದು.

ಆಡಳಿತದ ಗಡಿಯಂತೂ ನಿಂತಲ್ಲಿ ನಿಲ್ಲಲ್ಲ. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಕಾಳಗಿ, ಕಮಲಾಪುರ, ಯಡ್ರಾಮಿ, ಶಹಾಬಾದ್ ನಾಲ್ಕು ನಮ್ಮ ಜಿಲ್ಲೆಯವು. ಅದಕ್ಕಿಂತ ಹಳೆಯ ಡೇಟಾದಲ್ಲಿ ಕೊಡ್ಲಿ ಚಿಂಚೋಳಿಗೆ ಸೇರಿದೆ, ಹೊಸದರಲ್ಲಿ ಕಾಳಗಿಗೆ. ಮಾಡೆಲ್ ಕಣ್ಣಲ್ಲಿ ಕಾಳಗಿ ಅನ್ನೋ ತಾಲ್ಲೂಕಿಗೆ ಇತಿಹಾಸವೇ ಇಲ್ಲ, ದಿಢೀರ್ ಅಂತ ಹುಟ್ಟಿದ ಕ್ಯಾಟಗರಿ. ಹೊಲ ಅದೇ, ಮಣ್ಣು ಅದೇ, ಕಾಕಾ ಅದೇ. ಯಾದಗಿರಿ ಜಿಲ್ಲೆ ಕಲಬುರಗಿಯಿಂದ ಬೇರೆಯಾದಾಗಲೂ ಹೀಗೇ: ಹಳೆಯ ‘ಗುಲ್ಬರ್ಗಾ’ ಜಿಲ್ಲೆಯ ಸರಾಸರಿ ಮತ್ತು ಈಗಿನ ‘ಕಲಬುರಗಿ’ಯ ಸರಾಸರಿ ಒಂದೇ ಜಾಗದ್ದಲ್ಲ. ಜೊತೆಗೆ 2014ರ ನವೆಂಬರ್ 1ರಂದು ಇಂಗ್ಲಿಷ್‌ನಲ್ಲೂ ಹೆಸರು ಬದಲಾಯ್ತು. ಗೊತ್ತಿಲ್ಲದವರ ಕೋಡ್‌ನಲ್ಲಿ ಇವು ಎರಡು ಜಿಲ್ಲೆ. ಇದನ್ನ ಯಾವ ಎನ್‌ಕೋಡರ್ ಕೂಡ ತಾನಾಗಿ ಸರಿ ಮಾಡಲ್ಲ, ಗೊತ್ತಿರೋರು ಕೂತು ಹಳೆ–ಹೊಸ ಪಟ್ಟಿ ಬರೀಬೇಕು.

ಹೆಸರಿನ ವಿಷಯ ಬಂತಲ್ಲ, ಇದರಲ್ಲಿ ಮಜಾನೂ ಇದೆ. ಎಷ್ಟೋ ಸಲ ಒಂದು ಕಾಲಮ್‌ನಲ್ಲಿ ಕಾಣೋ ಸಾವಿರ ಬೆಲೆಗಳಲ್ಲಿ ಮುನ್ನೂರು ಬರೀ ಸ್ಪೆಲಿಂಗ್. ಇಂಗ್ಲಿಷ್‌ನಲ್ಲಿ ನಮ್ಮೂರನ್ನ ಎಷ್ಟು ಥರ ಬರೀತಾರೋ ಲೆಕ್ಕ ಇಟ್ಟಿಲ್ಲ; ಕನ್ನಡದಲ್ಲೇ ಕೊಡ್ಲಿ ಅಂತಾರೆ, ಕೋಡ್ಲಿ ಅಂತಾರೆ. ‘ಕೊಡಲಿ’ ಅಂತ ಟೈಪ್ ಆದ್ರೆ ಟ್ರಾನ್ಸ್‌ಲೇಷನ್ ಆ್ಯಪ್ ಕೈಗೆ ಸಿಕ್ಕು ಮರ ಕಡಿಯೋ ಆಯುಧ ಆಗುತ್ತೆ. ಗೋವಾದಲ್ಲಿ ಕಬ್ಬಿಣದ ಅದಿರಿನ ಗಣಿ ಇರೋ ಇನ್ನೊಂದು ಕೋಡ್ಲಿ ಇದೆ. ಶಹಾಬಾದ್ ಹೆಸರಿನ ಊರು ಹರಿಯಾಣದಲ್ಲಿದೆ, ಉತ್ತರ ಪ್ರದೇಶದಲ್ಲಿದೆ, ರಾಜಸ್ಥಾನದಲ್ಲೂ ಇದೆ. ‘ವಾಡಿ’ ಅನ್ನೋ ಅಕ್ಷರಗಳು ಇರೋ ಹೆಸರೆಲ್ಲ ಒಂದೇ ಅಂತ ಸರ್ಚ್ ಮಾಡಿದ್ರೆ ನಮ್ಮ ವಾಡಿ ಜಂಕ್ಷನ್ ಜೊತೆ ಸಾವಂತವಾಡಿಯೂ ಬಂದು ಕೂರುತ್ತೆ. ಅದಕ್ಕೇ ಹೆಸರು ನೆಚ್ಚಬೇಡಿ, ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಹಳ್ಳಿಗೂ ಒಂದು ಕೋಡ್ ಇದೆ, ಅದಕ್ಕೆ ಹೊಂದಿಸಿ.

ಹೊಂದಿಸೋಕೆ ಕನ್ನಡ ಹೆಸರೇ ಉಪಯೋಗ ಅನ್ನೋದು ನನ್ನ ಅನುಭವ. ‘ಭೂಮಿ’ ಯೋಜನೆಯ ಪಹಣಿಗಳು ಕನ್ನಡದಲ್ಲೇ ಇವೆ, ಇಂಗ್ಲಿಷ್‌ನಲ್ಲಿ ಕಳೆದುಹೋಗೋ ‘ಳ’, ‘ಣ’, ದೀರ್ಘ ಎಲ್ಲ ಅಲ್ಲಿ ಉಳಿದಿರುತ್ತೆ. ಆದ್ರೆ ಇಲ್ಲೂ ಒಂದು ಹಳ್ಳ ಇದೆ. ಯೂನಿಕೋಡ್‌ನಲ್ಲಿ ‘ಕೊ’ ಅಕ್ಷರದ ಒತ್ವವನ್ನ ಒಂದೇ ಕೋಡ್ ಆಗಿಯೂ ಇಡಬಹುದು, ಎತ್ವದ ಗುರುತು ಮತ್ತು ಊಕಾರದ ಗುರುತು ಅಂತ ಎರಡು ಕೋಡ್ ಆಗಿಯೂ ಇಡಬಹುದು. ಸ್ಕ್ರೀನ್ ಮೇಲೆ ಎರಡೂ ‘ಕೊಡ್ಲಿ’. ಪೈಥಾನ್‌ಗೆ ಎರಡೂ ಬೇರೆ ಬೇರೆ ಊರು. ಎನ್‌ಎಫ್‌ಸಿ ನಾರ್ಮಲೈಸ್ ಅಂತ ಒಂದು ಸಾಲು ಹಾಕಿದ್ರೆ ಸರಿಹೋಗುತ್ತೆ, ಆದ್ರೆ ಆ ಸಾಲು ಬೇಕು ಅಂತ ಇಂಗ್ಲಿಷ್ ಟ್ಯುಟೋರಿಯಲ್ ಯಾವುದೂ ನಮಗೆ ಹೇಳಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನು ಒತ್ವ, ಎತ್ವ ಅನ್ನೋ ಪದಗಳನ್ನ ಮತ್ತೆ ಕಲಿತಿದ್ದು ಹೀಗೆ, ಡೀಬಗ್ ಮಾಡ್ತಾ.

ಬೇರೆ ವಿಧಾನಗಳೂ ಇವೆ, ಗೊತ್ತು. ಹ್ಯಾಷಿಂಗ್ ಮಾಡಬಹುದು, ವೇಗ ಚೆನ್ನಾಗಿದೆ, ಆದ್ರೆ ಕೊಡ್ಲಿಯೂ ಕೋಲಾರದ ಯಾವುದೋ ಊರೂ ಒಂದೇ ಡಬ್ಬಿಗೆ ಬೀಳಬಹುದು. ಅದು ‘ಇತರೆ’ಯ ತಮ್ಮ. ನ್ಯೂರಲ್ ನೆಟ್‌ವರ್ಕ್‌ನ ಎಂಬೆಡಿಂಗ್ ನೋಡೋಕೆ ಚಂದ. 2016ರಲ್ಲಿ ಗುವೋ ಮತ್ತು ಬೆರ್ಕಾನ್ ಜರ್ಮನಿಯ ರೋಸ್‌ಮನ್ ಅಂಗಡಿಗಳ ಮಾರಾಟದ ಡೇಟಾ ಮೇಲೆ ಇದನ್ನ ಮಾಡಿದಾಗ, ಮ್ಯಾಪ್ ನೋಡದ ಮಾಡೆಲ್ ರಾಜ್ಯಗಳನ್ನ ಹೆಚ್ಚುಕಡಿಮೆ ಜರ್ಮನಿಯ ಮ್ಯಾಪ್ ಥರಾನೇ ಜೋಡಿಸಿತ್ತು. ಆದ್ರೆ ಅಲ್ಲಿ ಒಂದೊಂದು ಅಂಗಡಿಗೂ ನೂರಾರು ದಿನಗಳ ಸಾಲು ಇತ್ತು. ನಾಲ್ಕು ಕಟಾವಿಗೆ ಎಂಬೆಡಿಂಗ್ ಅಂದ್ರೆ ತುಪ್ಪ ಇಲ್ಲದೇ ಹೋಳಿಗೆ ಹಬ್ಬ.

ಟಾರ್ಗೆಟ್ ಎನ್‌ಕೋಡಿಂಗ್ ಮಾಡೋರು ಒಂದು ಎಚ್ಚರ ಇಟ್ಕೊಳ್ಳಲೇಬೇಕು. ಒಂದೇ ಸಾಲು ಇರೋ ಊರಿನ ಸರಾಸರಿ ಅಂದ್ರೆ ಆ ಸಾಲಿನ ಉತ್ತರವೇ. ಪ್ರಶ್ನೆಪತ್ರಿಕೆಯ ಹಿಂದೆ ಉತ್ತರ ಪ್ರಿಂಟ್ ಆದ ಹಾಗೆ. ಇಡೀ ಡೇಟಾ ಮೇಲೆ ಸರಾಸರಿ ತೆಗೆದು ಆಮೇಲೆ ಟ್ರೈನ್–ಟೆಸ್ಟ್ ಅಂತ ಹರಿದ್ರೆ ಟೆಸ್ಟ್‌ನಲ್ಲೂ ಮಾರ್ಕ್ಸ್ ಬಂದೇ ಬರುತ್ತೆ. ಯಾರಾದ್ರೂ 98 ಪರ್ಸೆಂಟ್ ಅಂತ ಸ್ಲೈಡ್ ತೋರಿಸಿದ್ರೆ ನಾನು ಮೊದಲು ಕೇಳೋ ಪ್ರಶ್ನೆ ಇದೇ. 2017ರ ಕ್ಯಾಟ್‌ಬೂಸ್ಟ್ ಸಾಲುಗಳನ್ನ ಒಂದು ಕ್ರಮದಲ್ಲಿ ನಿಲ್ಲಿಸಿ, ಪ್ರತಿ ಸಾಲಿಗೂ ಅದಕ್ಕಿಂತ ಮುಂಚಿನ ಸಾಲುಗಳ ಸರಾಸರಿ ಮಾತ್ರ ಕೊಟ್ಟು ಇದನ್ನ ತಡೆಯುತ್ತೆ. ಸೈಕಿಟ್-ಲರ್ನ್‌ನಲ್ಲಿ 1.3ನೇ ಆವೃತ್ತಿಯಿಂದ ಟಾರ್ಗೆಟ್ ಎನ್‌ಕೋಡರ್ ಬಂದಿದೆ, ಫಿಟ್ ಮತ್ತು ಟ್ರಾನ್ಸ್‌ಫಾರ್ಮ್ ಒಂದೇ ಕರೆಯಲ್ಲಿ ಮಾಡಿದ್ರೆ ಒಳಗೇ ಭಾಗ ಮಾಡಿ ಕಾಪಾಡುತ್ತೆ, ಬೇರೆ ಬೇರೆ ಕರೆದ್ರೆ ಆ ರಕ್ಷಣೆ ಇಲ್ಲ. ಬೆಳೆಯ ಡೇಟಾದಲ್ಲಿ ಅಷ್ಟೂ ಸಾಲದು, ವರ್ಷದ ಪ್ರಕಾರ ಭಾಗ ಮಾಡಬೇಕು. 2022ರ ಕೆಲವು ಹೊಲ ಟ್ರೈನ್‌ನಲ್ಲಿ, ಪಕ್ಕದ ಹೊಲ ಟೆಸ್ಟ್‌ನಲ್ಲಿ ಇದ್ರೆ, ಆ ವರ್ಷ ನೆಟೆ ಬಂತು ಅಂತ ಮಾಡೆಲ್‌ಗೆ ಮೊದಲೇ ಗೊತ್ತಿರುತ್ತೆ. ಬಿತ್ತನೆ ಸಮಯದಲ್ಲಿ ಯಾವ ರೈತರಿಗೂ ಅದು ಗೊತ್ತಿರಲಿಲ್ಲ.

ಇಷ್ಟು ಹೊತ್ತು ಊರಿನ ಹೆಸರು ಉಳಿಸಿ ಅಂತ ವಾದ ಮಾಡಿದ ನಾನೇ, ಒಂದು ಕಡೆ ಡ್ರಾಪ್ ಮಾಡಿ ಅಂತೀನಿ. ಸಾಲ ಕೊಡಬೇಕೋ ಬೇಡವೋ ಅಂತ ಹೇಳೋ ಮಾಡೆಲ್‌ನಲ್ಲಿ. ಮಣ್ಣು, ಮಳೆಗೆ ಊರು ಒಳ್ಳೆ ಗುರುತು. ಮನುಷ್ಯನ ನಂಬಿಕೆಗೆ ಅಲ್ಲ. ಅಲ್ಲಿ ಊರು, ಓಣಿ, ಪಿನ್‌ಕೋಡ್ ಅನ್ನೋವು ಜಾತಿಯನ್ನೋ ಬಡತನವನ್ನೋ ಬೇರೆ ಹೆಸರಲ್ಲಿ ಒಳಗೆ ತರ್ತವೆ. 1930ರ ದಶಕದಲ್ಲಿ ಅಮೆರಿಕದ ನಗರಗಳ ಮ್ಯಾಪ್‌ಗಳಲ್ಲಿ ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು ‘ಇಲ್ಲಿ ಸಾಲ ಅಪಾಯ’ ಅಂತ ಗುರುತು ಹಾಕಿದ್ರು. ಮನೆ ವಿಷಯದಲ್ಲಿ ಇಂಥ ಭೇದವನ್ನ ಕಾನೂನು ನಿಷೇಧಿಸಿದ್ದು 1968ರಲ್ಲಿ. ನಮ್ಮ ಕಡೆ ಮೂರು ಬರಗಾಲ ಕಂಡ ಊರಿನ ಸರಾಸರಿಯನ್ನ ಆ ಊರಿನ ಹುಡುಗಿ ಒಬ್ಬಳು ಕೇಳೋ ಎಜುಕೇಷನ್ ಲೋನ್ ಮೇಲೆ ಹೇರಿದ್ರೆ ಅದೂ ಟಾರ್ಗೆಟ್ ಎನ್‌ಕೋಡಿಂಗೇ. ಗಣಿತ ಒಂದೇ, ಮಾಡೋ ಕೆಲಸ ಪೂರ್ತಿ ಬೇರೆ. ‘ಎಐ ಹೇಳ್ತು’ ಅನ್ನೋರಿಗೆ ಇದು ಕಾಣಲ್ಲ.

ಹಾಗಾಗಿ ನಮ್ಮ ರಿವ್ಯೂಗಳಲ್ಲಿ ಎರಡು ಸಣ್ಣ ಟೇಬಲ್ ಕಡ್ಡಾಯ ಮಾಡಿ ಅನ್ನೋದು ನನ್ನ ಬೇಡಿಕೆ. ಒಂದು, ಯಾವ ಕ್ಯಾಟಗರಿಗೆ ಎಷ್ಟು ಸಾಲು ಇದೆ. ಎರಡು, ಹತ್ತು ಸಾಲಿಗಿಂತ ಕಡಿಮೆ ಇರೋ ಕ್ಯಾಟಗರಿಗಳಲ್ಲಿ ಮಾಡೆಲ್‌ನ ತಪ್ಪು ಎಷ್ಟು, ಬೇರೆಯಾಗಿ. ಒಟ್ಟು ಅಕ್ಯುರೆಸಿ ಅಡಿಯಲ್ಲಿ ಸಣ್ಣ ಊರುಗಳು ಮುಚ್ಚಿಹೋಗ್ತಿವೆಯೋ ಇಲ್ಲವೋ ಅಂತ ಎರಡನೇ ಟೇಬಲ್‌ನಲ್ಲಿ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ.

ಇನ್ನೊಂದು ಕೆಲಸ ನಾವೇ ಮಾಡಬಹುದು. ಕಲಬುರಗಿ ಜಿಲ್ಲೆಯ ಊರುಗಳ ಕನ್ನಡ ಹೆಸರು, ಇಂಗ್ಲಿಷ್ ಸ್ಪೆಲಿಂಗ್‌ಗಳು, ಹಳೆ ತಾಲ್ಲೂಕು, ಹೊಸ ತಾಲ್ಲೂಕು, ಡೈರೆಕ್ಟರಿ ಕೋಡ್ ಇಷ್ಟನ್ನ ಒಂದೇ ಶೀಟ್‌ನಲ್ಲಿ ಹಾಕೋದು. ಚಿಂಚೋಳಿ–ಕಾಳಗಿ ಭಾಗ ನಾನು ಶುರು ಮಾಡಿದೀನಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯವರು ಯಾರಾದ್ರೂ ಇದ್ರೆ ಕ್ಲಬ್ ಗ್ರೂಪ್‌ನಲ್ಲಿ ಒಂದು ಮೆಸೇಜ್ ಹಾಕ್ರಿ.